ಎನ್‌ಬಿಎಯ ‘ಟ್ಯಾಂಪರಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅಲ್ಲಿನ ‘ಟ್ಯಾಂಪರಿಂಗ್’ ಪದಕ್ಕೆ ಏನು ಹಾಕಬೇಕೋ ತೋಚುತ್ತಿಲ್ಲ. ನಮ್ಮ ಪತ್ರಿಕೆಗಳಲ್ಲಿ ಟ್ಯಾಂಪರಿಂಗ್ ಅಂದರೆ ‘ಚೆಂಡು ವಿರೂಪ’. 2018ರಲ್ಲಿ ಕೇಪ್‌ಟೌನ್‌ನಲ್ಲಿ ಆಸ್ಟ್ರೇಲಿಯಾದವರು ಸಿಕ್ಕಿಬಿದ್ದಾಗ ಓದಿದ್ದು ಅದನ್ನೇ. ಎನ್‌ಬಿಎಯಲ್ಲಿ ಚೆಂಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಒಂದು ತಂಡದ ಜೊತೆ ಕರಾರಿನಲ್ಲಿರುವ ಆಟಗಾರನನ್ನು ಇನ್ನೊಂದು ತಂಡದವರು ‘ನಮ್ಮ ಕಡೆ ಬಾ’ ಅನ್ನುವುದು ಅಲ್ಲಿ ಟ್ಯಾಂಪರಿಂಗ್. ಮಾಲೀಕರು, ಮ್ಯಾನೇಜರು, ಕೋಚುಗಳಿಗಷ್ಟೇ ಅಲ್ಲ, ಆಟಗಾರರಿಗೂ ಈ ನಿಯಮ ಇದೆ.

ಮೊದಲು ‘ಆಮಿಷ’ ಅಂತ ಬರೆದು ಹೊಡೆದುಹಾಕಿದೆ. ಅದರಲ್ಲಿ ದುಡ್ಡಿನ ವಾಸನೆ ಜಾಸ್ತಿ. ‘ಪುಸಲಾಯಿಸು’ ಅಂದರೆ ಅಪರಾಧ ಸುದ್ದಿಯ ಪುಟ ನೆನಪಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. 2020ರ ಆಗಸ್ಟ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ ಟಿಎನ್‌ಟಿ ಚಾನೆಲ್‌ನಲ್ಲಿ ಅತಿಥಿಯಾಗಿ ಕೂತಿದ್ದರು. ಫೀನಿಕ್ಸ್ ಸನ್ಸ್ ತಂಡದ ಡೆವಿನ್ ಬುಕರ್ ಚೆನ್ನಾಗಿ ಆಡುತ್ತಿದ್ದ ಹೊತ್ತು. ‘ನಮ್ಮ ಹುಡುಗನನ್ನು ಫೀನಿಕ್ಸ್‌ನಿಂದ ಹೊರಗೆ ತನ್ನಿ’ ಅಂದುಬಿಟ್ಟರು ಗ್ರೀನ್. ‘ಏನ್ರೀ, ಟ್ಯಾಂಪರಿಂಗ್ ಮಾಡ್ತಿದ್ದೀರಾ?’ ಅಂತ ನಿರೂಪಕ ಅರ್ನಿ ಜಾನ್ಸನ್ ಕೇಳಿದರೆ, ‘ಇರಬಹುದು’ ಅಂದರು! ಲೀಗ್ 50,000 ಡಾಲರ್ ದಂಡ ಹಾಕಿತು. ಇಲ್ಲಿ ಬುಕರ್ ಎದುರಿಗೆ ಇರಲೇ ಇಲ್ಲ. ‘ನಮ್ಮ ತಂಡಕ್ಕೆ ಬಾ’ ಅಂತಲೂ ಗ್ರೀನ್ ಹೇಳಿರಲಿಲ್ಲ. ಹಾಗಿರುವಾಗ ‘ಪುಸಲಾಯಿಸಿದರು’ ಅಂತ ಹೇಗೆ ಬರೆಯುವುದು?

ಇನ್ನೊಂದು ಕಡೆ ಲೆಬ್ರಾನ್ ಜೇಮ್ಸ್ ಪ್ರಸಂಗ ಇದೆ. ಆಗ ಅವರು ಲಾಸ್ ಏಂಜಲೀಸ್ ಲೇಕರ್ಸ್ ತಂಡದಲ್ಲಿದ್ದರು. 2018ರ ಡಿಸೆಂಬರ್‌ನಲ್ಲಿ, ನ್ಯೂ ಆರ್ಲಿಯನ್ಸ್ ತಂಡದಲ್ಲಿದ್ದ ಆಂಥೊನಿ ಡೇವಿಸ್ ಲೇಕರ್ಸ್‌ಗೆ ಬಂದರೆ ಹೇಗೆ ಅಂತ ಕೇಳಿದ್ದಕ್ಕೆ ‘ಅದ್ಭುತವಾಗಿರುತ್ತೆ’ ಅಂದರು. ದಂಡ ಬೀಳಲಿಲ್ಲ. ಇಂಥವನ ಜೊತೆ ಆಡಲು ಇಷ್ಟ ಅಂತ ಆಟಗಾರ ಸುಮ್ನೆ ಹೇಳಿದರೆ ಅದು ಟ್ಯಾಂಪರಿಂಗ್ ಅಲ್ಲ, ಹಿಂದೆ ತಂಡದ ಕೈ ಇದ್ದರೆ ಮಾತು ಬೇರೆ ಅನ್ನುವುದು ಲೀಗಿನ ನಿಲುವು. ಕರಾರು ಮುಗಿದವರನ್ನು ಕರೆಯಲು ಅಡ್ಡಿಯೇ ಇಲ್ಲ. 2016ರ ಬೇಸಿಗೆಯಲ್ಲಿ ಕೆವಿನ್ ಡ್ಯುರಾಂಟ್ ಮನವೊಲಿಸಲು ಇದೇ ಗ್ರೀನ್, ಸ್ಟೆಫ್ ಕರಿ ಮುಂತಾದವರು ದಂಡು ಕಟ್ಟಿಕೊಂಡು ಹೋಗಿದ್ದರು. ಯಾರೂ ತಪ್ಪು ಅನ್ನಲಿಲ್ಲ. ತಂಡಗಳಿಗಂತೂ ಪೆಟ್ಟು ಜೋರು: ಬೇರೆ ತಂಡದ ಕರಾರಿನಲ್ಲಿದ್ದ ಪಾಲ್ ಜಾರ್ಜ್ ವಿಷಯದಲ್ಲಿ 2017ರಲ್ಲಿ ಲೇಕರ್ಸ್ 5 ಲಕ್ಷ ಡಾಲರ್ ಕಟ್ಟಿತು. 2019ರಲ್ಲಿ ತಂಡಗಳಿಗೆ ಹಾಕಬಹುದಾದ ದಂಡದ ಮಿತಿಯನ್ನು 1 ಕೋಟಿ ಡಾಲರ್‌ಗೆ ಏರಿಸಿದರು.

ಅಂದರೆ ನನಗೆ ಬೇಕಾದ ಪದದಲ್ಲಿ ಕರಾರು ಇನ್ನೂ ಜಾರಿಯಲ್ಲಿದೆ ಅನ್ನುವುದೂ ಬರಬೇಕು, ಬರೀ ಬಾಯಿಮಾತೂ ಅದರಲ್ಲಿ ಹಿಡಿಸಬೇಕು. ‘ಸೆಳೆತ’ ಅಂದರೆ ಕಡಲಿನ ಸೆಳೆತ, ಊರಿನ ಸೆಳೆತದ ಹಾಗೆ ಕೇಳುತ್ತದೆ. ಯಾರೂ ಬೇಕಂತ ಮಾಡಿದ್ದಲ್ಲ ಅನ್ನಿಸುತ್ತದೆ. ನಮ್ಮ ರಾಜಕೀಯ ವರದಿಗಳಲ್ಲಿ ಪದಗಳಿಗೇನೂ ಬರ ಇಲ್ಲ: ಶಾಸಕರಿಗೆ ‘ಗಾಳ’, ‘ಕುದುರೆ ವ್ಯಾಪಾರ’, ಎಲ್ಲಕ್ಕಿಂತ ಮೇಲೆ ‘ಆಪರೇಷನ್’. ‘ಬುಕರ್‌ಗೆ ಗಾಳ: ಗ್ರೀನ್‌ಗೆ ದಂಡ’ ಅಂತ ತಲೆಬರಹ ಕೊಟ್ಟರೆ ಓದುಗರಿಗೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ಆದರೆ ನಿಯಮದ ಹೆಸರಾಗಿ ‘ಗಾಳ ನಿಷೇಧ’ ಅಂದರೆ ಮೀನುಗಾರಿಕೆ ಇಲಾಖೆಯ ಸುತ್ತೋಲೆ ಆಗಿಬಿಡುತ್ತದೆ.

ಐಪಿಎಲ್‌ನಲ್ಲಿ ಹತ್ತಿರದ ಪ್ರಸಂಗ ಒಂದಿದೆ. ರಾಜಸ್ಥಾನ್ ರಾಯಲ್ಸ್‌ನಲ್ಲಿದ್ದ ರವೀಂದ್ರ ಜಡೇಜ ಬೇರೆ ಫ್ರಾಂಚೈಸಿ ಜೊತೆ ಮಾತುಕತೆ ನಡೆಸಿದ್ದಕ್ಕೆ 2010ರ ಟೂರ್ನಿಯಿಂದ ಹೊರಗುಳಿಯಬೇಕಾಯಿತು. ಆದರೆ ಅವರು ಹೊರಟವರು, ಕರೆದವರಲ್ಲ. ನನಗೆ ಬೇಕಿರುವುದು ಕರೆದವನ ತಪ್ಪಿನ ಹೆಸರು.

ಸದ್ಯಕ್ಕೆ ‘ಕರಾರಿನ ಆಟಗಾರನಿಗೆ ಗಾಳ’ ಅಂತ ಒಂದು ಸಲ ಬಿಡಿಸಿ ಹೇಳಿ, ಮುಂದೆ ‘ಟ್ಯಾಂಪರಿಂಗ್’ ಅಂತಲೇ ಇಟ್ಟುಕೊಂಡಿದ್ದೇನೆ. ಕರಾವಳಿಯವರನ್ನು ಒಂದು ಕೇಳಬೇಕು. ತಿರುಗಾಟದ ನಡುವೆ ಒಂದು ಯಕ್ಷಗಾನ ಮೇಳದ ವೇಷಧಾರಿಯನ್ನೋ ಭಾಗವತರನ್ನೋ ಇನ್ನೊಂದು ಮೇಳದವರು ಎಳೆದುಕೊಂಡರೆ ನಿಮ್ಮ ಕಡೆ ಅದಕ್ಕೆ ಏನನ್ನುತ್ತಾರೆ? ನಾಟಕ ಕಂಪನಿಗಳ ಒಡನಾಟ ಇದ್ದವರೂ ದಯವಿಟ್ಟು ತಿಳಿಸಿ.