ರಜೆಗೆ ಊರಿಗೆ ಹೊರಟ ಮಕ್ಕಳಿಗೆ ‘ಗಣೇಶನ ಮದುವೆ’ ತೋರಿಸೋದು ಹೆಂಗೆ?

ಹೊರದೇಶದಲ್ಲಿರೋ ದಾವಣಗೆರೆ, ಚಿತ್ರದುರ್ಗದ ಕಡೆಯವರು ರಜೆಗೆ ಊರಿಗೆ ಟಿಕೆಟ್ ಮಾಡಿಸಿದ ಕೂಡಲೇ ನಮ್ಮ ಗುಂಪಿನಲ್ಲಿ ಏಳೋ ಪ್ರಶ್ನೆ ಇದೇ: ಮಗುವಿಗೆ ಕನ್ನಡ ಅರ್ಥವಾಗುತ್ತೆ, ಬಾಯಿ ಮಾತ್ರ ಬಿಡಲ್ಲ, ಅಜ್ಜ-ಅಜ್ಜಿ ಜೊತೆ ಕೂತು ನೋಡೋವಂಥ ಒಂದು ಸಿನಿಮಾ ಹೇಳಿ. ದುರ್ಗದವರು ಕೋಟೆ ಅಭಿಮಾನಕ್ಕೆ ‘ನಾಗರಹಾವು’ ಅಂತಾರೆ. 1972ರ ಆ ಚಿತ್ರ ದೊಡ್ಡದೇ, ಆದರೆ ಅದರ ಕೊನೆ ಹತ್ತು ವರ್ಷದ ಮಗುವಿಗೆ ಭಾರ. ಮಾತು ಕಲಿಯೋಕೆ ಬೇಕಾದ್ದು ನಗಿಸೋ ಜಗಳ. ಅದು ಧಾರಾಳವಾಗಿ ಸಿಗೋದು 1990ರ ‘ಗಣೇಶನ ಮದುವೆ’ಯಲ್ಲಿ.

ಫಣಿ ರಾಮಚಂದ್ರ ನಿರ್ದೇಶನ, ರಾಜನ್-ನಾಗೇಂದ್ರ ಸಂಗೀತ. ವಠಾರದಲ್ಲಿ ದಿನಾ ಕಚ್ಚಾಡೋ ಗಣೇಶ (ಅನಂತನಾಗ್) ಮತ್ತು ಆದಿಲಕ್ಷ್ಮಿ (ವಿನಯಾ ಪ್ರಸಾದ್), ನಡುವೆ ಸಿಕ್ಕಿ ಒದ್ದಾಡೋ ಓನರ್ (ಮುಖ್ಯಮಂತ್ರಿ ಚಂದ್ರು). ಗಣೇಶ ಮನಸೋತ ಗಾಯಕಿ ಶ್ರುತಿ ಬೇರೆ ಯಾರೂ ಅಲ್ಲ, ಕಂಡರಾಗದ ನೆರೆಮನೆ ಆದಿಲಕ್ಷ್ಮಿಯೇ. ಈ ಗುಟ್ಟನ್ನ ಮಕ್ಕಳಿಗೆ ಮೊದಲೇ ಹೇಳಿಬಿಡಿ. ಮುಂದೇನಾಗುತ್ತೆ ಅನ್ನೋ ಕುತೂಹಲಕ್ಕಿಂತ, ಅವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು ಅನ್ನೋ ಖುಷಿಗೇ ಈ ಸಿನಿಮಾ ಹತ್ತು ಸಲ ನೋಡಿದರೂ ನಡೆಯುತ್ತೆ.

ಇನ್ನು ಸಬ್‌ಟೈಟಲ್. ಅದನ್ನ ಆಫ್ ಮಾಡಿ. ಓದೋಕೆ ಬರೋ ಮಗು ಓದುತ್ತೆ, ಕೇಳಿಸಿಕೊಳ್ಳಲ್ಲ; ಇದು ಎಲ್ಲರಿಗೂ ಗೊತ್ತಿರೋದೇ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಇಂಗ್ಲಿಷಿನಲ್ಲಿ ನೀನು, ನೀವು, ತಾವು ಮೂರೂ ‘ಯೂ’. ನಮ್ಮ ಪ್ರೇಮ ಕಥೆಗಳ ಅರ್ಧ ಪ್ರೇಮ ಇರೋದೇ ‘ನೀವು’ ಯಾವಾಗ ‘ನೀನು’ ಆಯ್ತು ಅನ್ನೋದರಲ್ಲಿ. ಜಗಳಕ್ಕೂ ಅದೇ ಮಾತು: ಎಷ್ಟು ಸಿಟ್ಟು ಬಂದರೂ ನಾಲಿಗೆ ತುದಿಯ ‘ರೀ’ ಬಿದ್ದುಹೋಗಲ್ಲ, ಆ ‘ರೀ’ಯಲ್ಲೇ ಬೈಗುಳದ ಖಾರ ಎಲ್ಲಾ. ಸಬ್‌ಟೈಟಲ್ ನಂಬಿದ ಮಗುವಿಗೆ ಇದು ಸಿಗೋದೇ ಇಲ್ಲ. ಆಮೇಲೆ ಊರಿಗೆ ಹೋಗಿ ದೊಡ್ಡಪ್ಪನಿಗೆ ‘ನೀನು ಬಾ’ ಅನ್ನುತ್ತೆ, ಪಡಸಾಲೆಯಲ್ಲಿ ಕೂತವರೆಲ್ಲ ನಗ್ತಾರೆ, ಮಗು ಮತ್ತೆ ಬಾಯಿ ಮುಚ್ಚುತ್ತೆ.

ಇದಕ್ಕೊಂದು ಆಟ ಇದೆ. ಮಗುವಿನ ಮುಂದೆ ಎರಡು ಬಟ್ಟಲು, ಒಂದರಲ್ಲಿ ಮೂವತ್ತು ಹುರಿಗಡಲೆ. ‘ರೀ’ ಕೇಳಿಸಿದಾಗೆಲ್ಲ ಒಂದು ಕಾಳು ಖಾಲಿ ಬಟ್ಟಲಿಗೆ. ಐದು ನಿಮಿಷದ ಒಂದೇ ಜಗಳ ಸಾಕು. ಎರಡನೇ ಸಲ ಅದೇ ದೃಶ್ಯ ಹಾಕಿ ‘ಇದೇ ಮಾತನ್ನ ನಿನ್ನ ತಂಗಿಗೆ ಹೇಳಬೇಕಾದ್ರೆ ಹೆಂಗೆ ಹೇಳ್ತೀಯ?’ ಅಂತ ಕೇಳಿ. ‘ಬನ್ರೀ’ ಅನ್ನೋದು ‘ಬಾರೇ’ ಆಗೋದು ಅಲ್ಲಿ. ಮೂರನೇ ಸಲ ಹಾಕಬೇಡಿ, ಪಾಠ ಅಂತ ವಾಸನೆ ಬಂದರೆ ಮುಗೀತು. ಮಕ್ಕಳು ಇಬ್ಬರಿಗಿಂತ ಜಾಸ್ತಿ ಇದ್ದರೆ ಕಾಳೆಲ್ಲ ಹೊಟ್ಟೆಗೆ ಹೋಗಿ ಲೆಕ್ಕ ತಪ್ಪುತ್ತೆ ಅನ್ನೋದೂ ನೆನಪಿರಲಿ.

ಒಂದೇ ಸಂಜೆಗೆ ಪೂರ್ತಿ ತೋರಿಸೋ ಹಟ ಬೇಡ. ಎಂಟು ವರ್ಷದೊಳಗಿನವರಿಗೆ 15 ನಿಮಿಷ, ದೊಡ್ಡವರಿಗೆ 25. ಹಾಡು ಶುರುವಾಗೋ ಹೊತ್ತಿಗೆ ನಿಲ್ಲಿಸಿದರೆ ಮಾರನೇ ದಿನ ಹಾಡಿನಿಂದಲೇ ಎತ್ತಿಕೊಳ್ಳಬಹುದು.

ಮಕ್ಕಳು ನಗದೇ ಇದ್ದರೆ ಭಾಷೆ ಬರಲ್ಲ ಅಂತ ತಿಳ್ಕೋಬೇಡಿ. ವಠಾರ ಅಂದರೇನು ಅಂತ ಗೊತ್ತಿಲ್ಲದೇ ಇರೋದೇ ಎಷ್ಟೋ ಸಲ ಕಾರಣ. ಒಂದು ಗೇಟು, ಒಳಗೆ ಸಾಲುಮನೆ, ಎಲ್ಲರಿಗೂ ಸೇರಿ ಒಂದು ನಲ್ಲಿ, ಅಲ್ಲೇ ಇರೋ ಓನರ್, ಗೋಡೆ ಆಚೆ ಕೆಮ್ಮಿದರೂ ಈಚೆ ಕೇಳುತ್ತೆ. ಇಷ್ಟು ಒಂದು ಹಾಳೆ ಮೇಲೆ ಗೆರೆ ಎಳೆದು ತೋರಿಸಿ. ಒಬ್ಬರ ಮೇಲೊಬ್ಬರು ಮುನಿಸಿಕೊಂಡರೂ ದಿನಕ್ಕೆ ಹತ್ತು ಸಲ ಎದುರಾಗಲೇಬೇಕು ಅನ್ನೋದು ಅರ್ಥವಾದರೆ ನಗು ತಾನಾಗೇ ಬರುತ್ತೆ.

ಒಂದು ಎಚ್ಚರಿಕೆ. ಸಿನಿಮಾದ ಕನ್ನಡ ಬೆಂಗಳೂರು ಕಡೆಯದು. ಅಲ್ಲಿನ ‘ಕೂತ್ಕೊಳ್ಳಿ’ ದಾವಣಗೆರೆ ಅಜ್ಜಿ ಬಾಯಲ್ಲಿ ‘ಕುಂದ್ರಿ’, ‘ಇದೆ’ ಅನ್ನೋದು ‘ಐತಿ’. ದುರ್ಗದ ಕಡೆ ಅದೇ ‘ಐತೆ’. ಯಾವುದು ಸರಿ ಅಂತ ಮಗು ಕೇಳೇ ಕೇಳುತ್ತೆ. ಎಲ್ಲಾ ಸರಿ ಅನ್ನಿ, ಅಜ್ಜಿ ಹತ್ರ ಅಜ್ಜಿದೇ ಸರಿ ಅನ್ನಿ.

ಇದೇ ಜೋಶಿನಲ್ಲಿ ಅದೇ ನಿರ್ದೇಶಕರ 1991ರ ‘ಗೌರಿ ಗಣೇಶ’ ಹಾಕಿಬಿಡಬೇಡಿ. ಸತ್ತ ಹುಡುಗಿಯ ಡೈರಿ ಹಿಡಿದು ದುಡ್ಡು ಕೀಳೋ ಕಥೆ, ಹದಿಮೂರು-ಹದಿನಾಲ್ಕು ದಾಟಿದವರಿಗೆ ಇರಲಿ.

ಮಂಡಕ್ಕಿ ಇಲ್ಲದೆ ನಮ್ಮ ಕಡೆಯವರು ಸಿನಿಮಾಕ್ಕೆ ಕೂರೋದುಂಟಾ? ನಾಲ್ಕು ಜನರ ಒಗ್ಗರಣೆ ಮಂಡಕ್ಕಿಗೆ 8 ಲೋಟ ಮಂಡಕ್ಕಿ, 2 ಈರುಳ್ಳಿ, 5 ಹಸಿಮೆಣಸಿನಕಾಯಿ, 3 ಚಮಚ ಎಣ್ಣೆ, 4 ಚಮಚ ಹುರಿಗಡಲೆ ಪುಡಿ, ಅರ್ಧ ನಿಂಬೆಹಣ್ಣು. ಹೊರದೇಶದ ಅಂಗಡೀಲಿ ಸಿಗೋ ಮುರ್ಮುರಾ ಎಷ್ಟೋ ಸಲ ತೀರಾ ತೆಳು. ನೀರಿಗೆ ಹಾಕಿ ಐದು ಎಣಿಸೋದರೊಳಗೆ ತೆಗೆದು ಹಿಂಡಬೇಕು, ಇಲ್ಲಾಂದ್ರೆ ಗಂಜಿ. ಹುರಿಗಡಲೆ ಪುಡಿ ಒಲೆ ಆರಿಸಿದ ಮೇಲೆ ಹಾಕಿ, ಬಿಸಿಯಲ್ಲಿ ಹಾಕಿದರೆ ಉಂಡೆ ಕಟ್ಟುತ್ತೆ. ಮಂಡಕ್ಕೀಲೇ ಉಪ್ಪು ಇರೋದ್ರಿಂದ ರುಚಿ ನೋಡಿ ಕೊನೆಗೆ ಉಪ್ಪು ಹಾಕಿ.

ಚಿತ್ರದುರ್ಗದವರಿಂದ ಒಂದು ಸೇರ್ಪಡೆ: ಸಿನಿಮಾ ಮುಗಿದ ಮೇಲೆ ಮಗು ಕೈಲಿ ಒಂದು ಕಾಗದ ಬರೆಸಿ. ಗಣೇಶನ ಪ್ರೇಮ ನಡೆಯೋದು ಪತ್ರದಲ್ಲಿ, ಮಕ್ಕಳಿಗೆ ಅದೇ ಅತಿ ವಿಚಿತ್ರ. ದಾವಣಗೆರೆ ಅಜ್ಜಿ ಮನೇಲಿ ಇದ್ದಾಗಲೇ, ಸುಮಾರು 60 ಕಿಲೋಮೀಟರ್ ದೂರದ ದುರ್ಗದ ಅತ್ತೆ ಮಕ್ಕಳಿಗೆ ಸುಳ್ಳು ಹೆಸರಿನಲ್ಲಿ ಬರೆಯಲಿ. ಯಾರು ಬರೆದದ್ದು ಅಂತ ಅವರು ಕಂಡುಹಿಡಿಯಬೇಕು. ಅಂಚೆ ಕಚೇರಿಯಲ್ಲಿ ಇನ್‌ಲ್ಯಾಂಡ್ ಲೆಟರ್ 2 ರೂಪಾಯಿ 50 ಪೈಸೆ. ಮಡಚೋ ಗೆರೆ ಮೊದಲೇ ತೋರಿಸಿ, ಇಲ್ಲಾಂದ್ರೆ ವಿಳಾಸದ ಜಾಗದಲ್ಲೇ ಕಥೆ ಬರೆದುಬಿಡ್ತಾರೆ. ಅಂಟು ಹಚ್ಚೋ ಅಂಚಿಗೆ ಬರೆದ ಸಾಲು, ಬಿಚ್ಚುವಾಗ ಹರಿದುಹೋಗುತ್ತೆ. ಪಿನ್‌ಕೋಡ್ ಚಿತ್ರದುರ್ಗಕ್ಕೆ 577501. ಜಿಲ್ಲೆ ಹೆಸರು ಬರೆಯುವಾಗ ಅಜ್ಜ ಪಕ್ಕದಲ್ಲಿ ಇರಲಿ. ಈ ಸಿನಿಮಾ ಬಂದಾಗ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯೇ, ಬೇರೆಯಾದದ್ದು 1997ರಲ್ಲಿ. ಅಜ್ಜ ಆ ವಿಷಯ ಹಿಡಿದರೆ ಒಂದು ಗಂಟೆ ಬಿಡಲ್ಲ, ಅಷ್ಟು ಹೊತ್ತೂ ಮಗುವಿಗೆ ಕನ್ನಡವೇ.