ತೈಲ ಸೋರಿಕೆ: ಕಪ್ಪೆಚಿಪ್ಪುಗಳಿಗಾದ ಹಾನಿಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ತೈಲ ಸೋರಿದ ತೀರದಲ್ಲಿ ಸತ್ತ ಕಪ್ಪೆಚಿಪ್ಪುಗಳನ್ನು ಎಣಿಸಿದರೆ ಹಾನಿಯ ಅಂದಾಜು ಸಿಕ್ಕೀತೇ?

ಉತ್ತರ 1: ಅಷ್ಟೇ ಸಾಲದು. ನೀರನ್ನು ಸೋಸಿ ಆಹಾರ ಪಡೆಯುವ ಈ ಜೀವಿಗಳು ತೈಲದಲ್ಲಿರುವ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳೆಂಬ ವಿಷಕಾರಿ ರಾಸಾಯನಿಕಗಳನ್ನು ಮೀನುಗಳಷ್ಟು ಬೇಗ ವಿಘಟಿಸಲಾರವಾದ್ದರಿಂದ, ಬದುಕುಳಿದವುಗಳ ಮಾಂಸದಲ್ಲೂ ಆ ವಿಷ ಶೇಖರವಾಗಿರುತ್ತದೆ. ಹಾಗಾಗಿ ಮಾಂಸವನ್ನೂ ಅವು ಹುದುಗಿದ್ದ ಕೆಸರನ್ನೂ ಪರೀಕ್ಷಿಸಿ, ತೈಲ ತಾಗದ, ಆದರೆ ಅಂಥದೇ ಮರಳು ಮತ್ತು ಉಪ್ಪಿನಂಶವಿರುವ ತೀರದ ಮಾದರಿಗಳೊಂದಿಗೆ ಹೋಲಿಸಬೇಕು. ಚಿಪ್ಪಿನ ಅಂಚಿನ ಗೆರೆಗಳು ಒತ್ತೊತ್ತಾಗಿದ್ದರೆ ಬೆಳವಣಿಗೆ ಕುಂಠಿತವಾಗಿದೆಯೆಂದು ಊಹಿಸಬಹುದು. ಚಳಿಯಿಂದಲೂ ಹಾಗಾಗುವುದರಿಂದ ಅದೊಂದನ್ನೇ ನಂಬಲಾಗದು.

ಉತ್ತರ 2: ಒಂದೇ ಸಲ ಮಾದರಿ ತೆಗೆದರೂ ಮೋಸಹೋಗುತ್ತೇವೆ. 1989ರಲ್ಲಿ ಎಕ್ಸಾನ್ ವಾಲ್ಡೀಸ್ ಎಂಬ ತೈಲ ಹಡಗಿನಿಂದ ಸೋರಿದ ತೈಲವು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್ ಕೊಲ್ಲಿಯಲ್ಲಿ ಮಸೆಲ್ ಎಂಬ ಬಗೆಯ ಕಪ್ಪೆಚಿಪ್ಪುಗಳ ಹಾಸುಗಳಡಿಯ ಕೆಸರಿನಲ್ಲಿ ಹಲವು ವರ್ಷ ಉಳಿದಿತ್ತು.

ಪ್ರಶ್ನೆ ಕೇಳಿದವರು: ಹಾಗಾದರೆ ಎಣಿಕೆಯೇ ಬೇಡವೇ?

ಉತ್ತರ 1: ಬೇಕು, ಆದರೆ ತಡಮಾಡಬಾರದು; ಖಾಲಿ ಚಿಪ್ಪುಗಳನ್ನು ಅಲೆಗಳು ಹೊತ್ತೊಯ್ಯುತ್ತವೆ.