ಎಚ್‌ಟಿಎಂಎಲ್‌ನಲ್ಲಿ ಅಕ್ಷರ ಎದ್ದು ಕಾಣಿಸುವುದು ಹೇಗೆ? ವಿದ್ಯಾ ಮೇಡಂಗೆ ಕೇಳಿ

ಅಡ್ಮಿನ್: ವೆಬ್ ಪೇಜ್ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಟ್ಯಾಗ್ (ಪದದ ಸುತ್ತ ಹಾಕುವ ಗುರುತು) ಬಳಸಿ ಪದಗಳಿಗೆ ಒತ್ತು ಕೊಡುವ ಬಗ್ಗೆ ಇವತ್ತು ವೆಬ್ ಡೆವಲಪರ್ ವಿದ್ಯಾ ಮೇಡಂ ಉತ್ತರ ಕೊಡುತ್ತಾರೆ. ಕೇಳುವ ಮೊದಲು ಮೇಲಿನ ಉತ್ತರಗಳನ್ನು ಓದಿ.

ಪ್ರವೀಣ್: ಮೇಡಂ, ಅಕ್ಷರ ದಪ್ಪ ಮಾಡಲು ‘ಬಿ’ ಟ್ಯಾಗ್ ಹಾಕಬೇಕಾ, ‘ಸ್ಟ್ರಾಂಗ್’ ಹಾಕಬೇಕಾ? ನೋಡೋಕೆ ಎರಡೂ ಒಂದೇ ಥರ ಇವೆ.

ವಿದ್ಯಾ: ನೋಡಲು ಒಂದೇ, ಅರ್ಥ ಬೇರೆ. ಎಚ್ಚರಿಕೆ, ಕೊನೇ ದಿನಾಂಕ, ಓದದೆ ಬಿಟ್ಟರೆ ತೊಂದರೆ ಆಗುವ ಮಾತು ಇದ್ದರೆ ‘ಸ್ಟ್ರಾಂಗ್’. ಮುಖ್ಯ ಅಂತ ಏನಿಲ್ಲ, ಒಂದು ಹೆಸರೋ ಪದವೋ ಕಣ್ಣಿಗೆ ಬಿದ್ದರೆ ಸಾಕು ಅಂದರೆ ‘ಬಿ’. ಬರೀ ಅಂದಕ್ಕಾದರೆ ಎರಡೂ ಬೇಡ, ಪೇಜ್‌ನ ಅಂದ ಹೇಗಿರಬೇಕು ಅಂತ ಹೇಳುವ ಸಿಎಸ್‌ಎಸ್‌ನಲ್ಲಿ ಫಾಂಟ್-ವೇಟ್ (ಅಕ್ಷರದ ದಪ್ಪ) 700 ಕೊಡಿ.

ಲತಾ: ನಮಸ್ತೆ ಮೇಡಂ. ಆನ್‌ಲೈನ್ ತರಗತಿಗಳ ವೇಳಾಪಟ್ಟಿಗೆ ಒಂದು ಪೇಜ್ ಮಾಡಿದ್ದೇನೆ. ರದ್ದಾದ ತರಗತಿಗಳನ್ನು ಕೆಂಪು ಅಕ್ಷರದಲ್ಲಿ ಹಾಕಿ, ಕೆಳಗೆ ‘ಕೆಂಪಿನಲ್ಲಿ ಇರುವುದು ರದ್ದು’ ಅಂತ ಬರೆದಿದ್ದೆ. ಕಣ್ಣು ಕಾಣದ ಒಬ್ಬ ಹುಡುಗ ಪೇಜನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಲ್ಲಿ ಕೇಳಿಸಿಕೊಂಡು, ರದ್ದಾದ ತರಗತಿಗೆ ಲಾಗಿನ್ ಆಗಿ ಒಂದು ಗಂಟೆ ಕಾದಿದ್ದಾನೆ. ಆಮೇಲೆ ಫೋನ್ ಮಾಡಿದ. ನನಗೆ ತುಂಬಾ ಬೇಜಾರಾಯಿತು. ಕೆಂಪಿನ ಬದಲು ‘ಸ್ಟ್ರಾಂಗ್’ ಹಾಕಿದ್ದರೆ ಸರಿ ಹೋಗುತ್ತಿತ್ತಾ?

ವಿದ್ಯಾ: ಇಲ್ಲ ಲತಾ ಅವರೇ. ಬಹಳ ಜನ ಎಡವುವುದೇ ಇಲ್ಲಿ. ಬಣ್ಣವಂತೂ ಕಿವಿಗೆ ಬೀಳುವುದೇ ಇಲ್ಲ. ‘ಸ್ಟ್ರಾಂಗ್’ ಹಾಕಿದರೂ ಹೆಚ್ಚಿನ ಸ್ಕ್ರೀನ್ ರೀಡರ್‌ಗಳು, ಸೆಟ್ಟಿಂಗ್ ಬದಲಿಸದಿದ್ದರೆ, ಅದನ್ನು ಉಳಿದ ಪದಗಳ ಹಾಗೇ ಓದಿಕೊಂಡು ಹೋಗುತ್ತವೆ. ಅಕ್ಷರದ ಮೇಲೆ ಗೆರೆ ಎಳೆಯುವ ‘ಡೆಲ್’, ‘ಎಸ್’ ಟ್ಯಾಗ್‌ಗಳನ್ನೂ ನಂಬಿಕೊಂಡು ಕೂರುವ ಹಾಗಿಲ್ಲ.

ನಿಮ್ಮ ಪೇಜ್ ಆ ಹುಡುಗನಿಗೆ ‘ಬುಧವಾರ, ಸಂಜೆ 5, ಗಣಿತ’ ಎಂದಷ್ಟೇ ಹೇಳಿದೆ. ಅವನು ನಂಬಿದ್ದಾನೆ. ಅದನ್ನು ‘ರದ್ದು: ಬುಧವಾರ, ಸಂಜೆ 5, ಗಣಿತ’ ಎಂದು ಬದಲಿಸಿ. ರದ್ದು ಅನ್ನುವ ಮಾತು ಸಾಲಿನ ಮೊದಲೇ ಬರಲಿ, ಕೇಳುವವರಿಗೆ ಕೊನೆವರೆಗೂ ಕಾಯುವ ಕೆಲಸ ಇರುವುದಿಲ್ಲ. ಆ ಒಂದು ಪದಕ್ಕೆ ಮಾತ್ರ ‘ಸ್ಟ್ರಾಂಗ್’ ಹಾಕಿ, ಇಡೀ ಸಾಲಿಗೆ ಬೇಡ.

ಕೆಂಪು ಇಟ್ಟುಕೊಳ್ಳಬಹುದು, ಆದರೆ ಅದೊಂದೇ ಗುರುತು ಆಗಬಾರದು. ಕೆಂಪು-ಹಸಿರು ಬೇರೆ ಬೇರೆ ಅಂತ ಗೊತ್ತಾಗದವರೂ ಇದ್ದಾರೆ, ಅಲ್ವಾ? ಜೊತೆಗೆ ಬಿಳಿ ಮೇಲೆ ಅಚ್ಚ ಕೆಂಪಿನ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ) ಸುಮಾರು 4:1 ಅಷ್ಟೇ. ವೆಬ್ ಪೇಜ್ ಎಲ್ಲರಿಗೂ ಬಳಸಲು ಆಗಬೇಕು ಅಂತ ಇರುವ ಡಬ್ಲ್ಯುಸಿಎಜಿ ನಿಯಮದಲ್ಲಿ ಮಾಮೂಲಿ ಗಾತ್ರದ ಅಕ್ಷರಕ್ಕೆ 4.5:1 ಬೇಕು. ಸ್ವಲ್ಪ ಗಾಢ ಕೆಂಪು, ಅಂದರೆ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಅಳತೆ) 192, 0, 0 ಹಾಕಿ ನೋಡಿ, ಕಾಂಟ್ರಾಸ್ಟ್ 6 ದಾಟುತ್ತದೆ.

ಮಂಜುನಾಥ: ಒಂದು ಫಾರ್ವರ್ಡ್ ಬಂದಿದೆ ಮೇಡಂ. ಕೀವರ್ಡ್ ಎಲ್ಲವನ್ನೂ ‘ಸ್ಟ್ರಾಂಗ್’ ಒಳಗೆ ಹಾಕಿ, ಇನ್ನೊಂದಷ್ಟನ್ನು ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರವಾಗಿ ಬಚ್ಚಿಟ್ಟರೆ ಗೂಗಲ್‌ನಲ್ಲಿ ಮೊದಲ ಪೇಜ್‌ಗೆ ಬರುತ್ತೇವಂತೆ.

ವಿದ್ಯಾ: ಮಾಡಬೇಡಿ. ಹೀಗೆ ಬಚ್ಚಿಡುವುದು ತಪ್ಪು ಅಂತ ಗೂಗಲ್‌ನ ಸ್ಪ್ಯಾಮ್ ನಿಯಮದಲ್ಲೇ ಇದೆ. ನಿಮ್ಮ ಪೇಜ್ ಹುಡುಕಾಟದಲ್ಲಿ ಸಿಗದೇ ಹೋಗಬಹುದು. ಆ ಮೆಸೇಜನ್ನು ಇನ್ನೊಬ್ಬರಿಗೆ ಕಳಿಸಲೂ ಬೇಡಿ.

ರಶೀದ್: ಅಕ್ಷರ ಮಿನುಗಿಸುವ ಬ್ಲಿಂಕ್ ಟ್ಯಾಗ್ ಕೆಲಸ ಮಾಡುತ್ತಿಲ್ಲ ಮೇಡಂ.

ವಿದ್ಯಾ: ಅದು ನೆಟ್‌ಸ್ಕೇಪ್ ಅನ್ನುವ ಹಳೇ ಬ್ರೌಸರ್ ಕಾಲದ್ದು. ಫೈರ್‌ಫಾಕ್ಸ್ ಕೂಡ 2013ರಲ್ಲೇ ಕೈಬಿಟ್ಟಿತು.

ರಶೀದ್: ಪರವಾಗಿಲ್ಲ, ಗ್ರೂಪಲ್ಲಿ ಒಬ್ಬರು ಸಿಎಸ್‌ಎಸ್ ಕೋಡ್ ಕಳಿಸಿದ್ದಾರೆ. ಸೆಕೆಂಡಿಗೆ 5 ಸಲ ಮಿನುಗುತ್ತದೆ, ಸೂಪರ್ ಆಗಿದೆ.

ವಿದ್ಯಾ: ದಯವಿಟ್ಟು ತೆಗೆಯಿರಿ. ಸೆಕೆಂಡಿಗೆ 3 ಸಲಕ್ಕಿಂತ ಜಾಸ್ತಿ ಮಿನುಗಿದರೆ ಕೆಲವರಿಗೆ ಫಿಟ್ಸ್ ಬರಬಹುದು. ಯಾರು ಕಳಿಸಿದರೋ ಅವರಿಗೂ ಹೇಳಿ.

ಸುಮಾ: ‘ಬಿ’ಗೂ ‘ಸ್ಟ್ರಾಂಗ್’ಗೂ ಏನು ವ್ಯತ್ಯಾಸ?

ವಿದ್ಯಾ: ಮೊದಲ ಉತ್ತರ ಓದಿ.

ಸವಿತಾ: ನಾನು ಕಥೆ ಬರೆಯುತ್ತೇನೆ. ಒತ್ತಿ ಹೇಳಲು ‘ಇಎಂ’ ಟ್ಯಾಗ್ ಹಾಕಿದರೆ ಕನ್ನಡ ಅಕ್ಷರ ವಾಲಿಕೊಂಡು ಬೀಳುವ ಹಾಗೆ ಕಾಣುತ್ತದೆ.

ಪ್ರವೀಣ್: ಸ್ಟ್ಯಾಂಡರ್ಡ್ ಇರುವುದೇ ಹಾಗೆ. ಅಭ್ಯಾಸ ಆಗುತ್ತೆ ಬಿಡಿ.

ಸವಿತಾ: ಯಾಕೆ ಅಭ್ಯಾಸ ಆಗಬೇಕು? ನಮ್ಮಲ್ಲಿ ‘ಏ’ ಇದೆ. ‘ನಾನೇ ದುಡ್ಡು ಕೊಟ್ಟೆ’, ‘ನಾನು ದುಡ್ಡೇ ಕೊಟ್ಟೆ’. ಒತ್ತು ಎಲ್ಲಿದೆ ಅಂತ ಪದವೇ ಹೇಳುತ್ತದೆ. ಟ್ಯಾಗ್ ಯಾಕೆ?

ಪ್ರವೀಣ್: ವ್ಯಾಕರಣ ಬೇರೆ, ಕೋಡ್ ಬೇರೆ. ಕಥೆ ಬರೆಯುವವರು ಕೋಡ್ ಬಗ್ಗೆ ತೀರ್ಪು ಕೊಡಬಾರದು.

ಸವಿತಾ: ಓದುವವರ ಬಗ್ಗೆ ಯೋಚಿಸದವರು ಕೋಡ್ ಬರೆಯಬಾರದು.

ಮಂಜುನಾಥ: ಸವಿತಾ ಅಕ್ಕ ಹೇಳಿದ್ದು ಸರಿ.

ಪ್ರವೀಣ್: ಫಾರ್ವರ್ಡ್ ನಂಬುವವರು ಸುಮ್ನೆ ಇರಿ.

ವಿದ್ಯಾ: ಇಬ್ಬರೂ ನಿಲ್ಲಿಸಿ. ಸವಿತಾ ಅವರೇ, ‘ಏ’ ಸಾಕಾಗುವ ಕಡೆ ಟ್ಯಾಗ್ ಬೇಕಿಲ್ಲ, ನಾನೂ ಹಾಕುವುದಿಲ್ಲ. ಬೇಕಾದ ಕಡೆ ‘ಇಎಂ’ ಇರಲಿ, ಸಿಎಸ್‌ಎಸ್‌ನಲ್ಲಿ ಫಾಂಟ್-ಸ್ಟೈಲ್ ನಾರ್ಮಲ್ ಮಾಡಿ, ಒಂಚೂರು ದಪ್ಪ ಕೊಡಿ. ಕನ್ನಡ ಫಾಂಟ್‌ಗಳಲ್ಲಿ ವಾಲಿದ ರೂಪವನ್ನು ಬೇರೆಯಾಗಿ ಬರೆದಿರುವುದು ಅಪರೂಪ. ಬ್ರೌಸರ್ ತಾನೇ ನೇರ ಅಕ್ಷರವನ್ನು ಓರೆ ಮಾಡುತ್ತದೆ.

ದಪ್ಪದಲ್ಲೂ ಇದೇ ಕಥೆ. ಫಾಂಟ್‌ನಲ್ಲಿ ಬೋಲ್ಡ್ ಇಲ್ಲದಿದ್ದರೆ ಬ್ರೌಸರ್ ಗೆರೆಗಳನ್ನು ತಾನೇ ಉಬ್ಬಿಸುತ್ತದೆ. ‘ಸ್ತ್ರೀ’ ಅಂತ ಸಣ್ಣ ಗಾತ್ರದಲ್ಲಿ ಬರೆದು ನೋಡಿ. ಒತ್ತಕ್ಷರದೊಳಗಿನ ಸಂದು ಮುಚ್ಚಿಹೋಗಿ ಮಸಿ ಚೆಲ್ಲಿದ ಹಾಗಿರುತ್ತದೆ. ನೋಟೊ ಸಾನ್ಸ್ ಕನ್ನಡದಲ್ಲಿ ನಿಜವಾದ ಬೋಲ್ಡ್ ಇದೆ, ಅದನ್ನು ಲೋಡ್ ಮಾಡಿ.

ಕಿರಣ್: ಪ್ರಿಂಟ್ ತೆಗೆದಾಗ ‘ಮಾರ್ಕ್’ ಟ್ಯಾಗ್‌ನ ಹಳದಿ ಹಿನ್ನೆಲೆ ಬರುವುದಿಲ್ಲ. ಯಾಕೆ?

ರಶೀದ್: ಮೇಡಂ, ಮಾರ್ಕ್ಯೂ ಹಾಕಬಹುದಾ? ಅದು ಮಿನುಗಲ್ಲ, ಬರೀ ಓಡುತ್ತೆ.

ವಿದ್ಯಾ: ಬೇಡ. ಓದುವಷ್ಟರಲ್ಲಿ ಓಡಿಹೋಗುತ್ತದೆ, ನಿಲ್ಲಿಸಲು ಬಟನ್ ಇಲ್ಲ.

ಸುಮಾ: ಓದಿದೆ. ಹಾಗಾದರೆ ತಲೆಬರಹವನ್ನೂ ‘ಸ್ಟ್ರಾಂಗ್’ ಹಾಕಿ ದೊಡ್ಡದು ಮಾಡಬಹುದಲ್ವಾ?

ವಿದ್ಯಾ: ಇಲ್ಲ. ತಲೆಬರಹಕ್ಕೆ ಎಚ್1, ಎಚ್2 ಇವೆ. ಸ್ಕ್ರೀನ್ ರೀಡರ್ ಬಳಸುವವರು ಅವುಗಳ ಮೇಲೆ ಹಾರಿಕೊಂಡು ಪೇಜ್ ಓದುತ್ತಾರೆ.

ಕಿರಣ್: ನನ್ನ ಪ್ರಶ್ನೆ ಯಾರೂ ನೋಡಲಿಲ್ಲವಾ?

ಲತಾ: ಮೇಡಂ, ‘ರದ್ದು’ ಸಾಲಿನ ಮೊದಲಿಗೆ ತಂದೆ, ಕೆಂಪನ್ನೂ ಗಾಢ ಮಾಡಿದೆ. ಆದರೆ ನನ್ನ ಕಂಪ್ಯೂಟರ್‌ನಲ್ಲಿ ಸ್ಕ್ರೀನ್ ರೀಡರ್ ಹಾಕಿ ಕೇಳಿದರೆ ಕನ್ನಡವನ್ನು ಏನೇನೋ ಓದುತ್ತಿದೆ.

ವಿದ್ಯಾ: ಒಳ್ಳೆಯದಾಯಿತು, ನೀವೇ ಕೇಳಿ ನೋಡಿದಿರಿ. ಪೇಜ್‌ನ ಮೊದಲ ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ‘ಲ್ಯಾಂಗ್’ (ಪೇಜ್‌ನ ಭಾಷೆ) ಏನಿದೆ ನೋಡಿ. ಟೆಂಪ್ಲೇಟ್‌ನಿಂದ ಬಂದ ‘ಇಎನ್’ (ಇಂಗ್ಲಿಷ್) ಇದ್ದರೆ ‘ಕೆಎನ್’ (ಕನ್ನಡ) ಮಾಡಿ. ಕಂಪ್ಯೂಟರ್‌ನಲ್ಲಿ ಕನ್ನಡ ದನಿಯೂ ಇರಬೇಕು. ಆಮೇಲೆ ಆ ಹುಡುಗನಿಗೆ ಲಿಂಕ್ ಕಳಿಸಿ, ಬುಧವಾರ ಯಾವ ತರಗತಿ ಇದೆ ಅಂತ ಅವನನ್ನೇ ಕೇಳಿ. ಏನು ಹೇಳಿದ ಅಂತ ನನಗೂ ತಿಳಿಸಿ.